ಯಂತ್ರಕ್ಕೂ ಮರೆವುಂಟೆ?

ಬೀದರಿನಿಂದ ಔರಾದಿನ ಕಡೆಗೆ ಹೋಗುವ ದಾರಿಯಲ್ಲಿ ಜನವಾಡ ಎಂಬ ಊರಿದೆ. ಕಳೆದ ಆಷಾಢದ ಒಂದು ಸಂಜೆ ಮಳೆಗೆ ಸಿಕ್ಕಿಕೊಂಡು ನಾವು ಅಲ್ಲಿನ ಒಂದು ಸಣ್ಣ ಜೆರಾಕ್ಸ್ ಅಂಗಡಿಯನ್ನು ಹೊಕ್ಕೆವು. ಒಳಗೆ ವೃದ್ಧ ರೈತರೊಬ್ಬರು ತಮ್ಮ ತೊಗರಿಯ ಹೊಲಕ್ಕೆ ಬೆಳೆ ವಿಮೆ ಮಾಡಿಸುವ ಸಲುವಾಗಿ ಅರ್ಜಿ ಬರೆಸುತ್ತಿದ್ದರು. ಅಂಗಡಿಯ ಹುಡುಗನು ಹೆಸರು, ಊರು, ಸರ್ವೆ ನಂಬರು, ಹೊಲದ ವಿಸ್ತೀರ್ಣ ಎಂದು ಒಂದೊಂದನ್ನೇ ಕೇಳಿ ಗಣಕಯಂತ್ರದಲ್ಲಿ ಒತ್ತುತ್ತಿದ್ದನು. ಅರ್ಜಿ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಗುಡುಗು ಕೇಳಿಸಿತು, ಕರೆಂಟು ಹೋಯಿತು, ಪರದೆ ಕಪ್ಪಾಯಿತು. ಕಾಲು ಗಂಟೆಯ ಮೇಲೆ ವಿದ್ಯುತ್ತು ಮರಳಿ ಬಂದಿತು. ಹುಡುಗನು ಯಂತ್ರವನ್ನು ಮತ್ತೆ ನಡೆಯಿಸಿ ನೋಡಿದರೆ, ಬರೆದ ಅರ್ಜಿಯಲ್ಲಿ ಒಂದಕ್ಷರವೂ ಉಳಿದಿರಲಿಲ್ಲ.

“ಎಲ್ಲಾ ಹೋಯ್ತ್ರಿ ಕಾಕಾ, ಮತ್ತ ಮೊದಲಿಂದ ಹೊಡೀಬೇಕು” ಎಂದನು ಹುಡುಗ. ವೃದ್ಧರು ನಮ್ಮ ಕಡೆಗೆ ತಿರುಗಿದರು. “ಏನ್ರಿ ಸರ್, ಈ ಮಷೀನಿಗಿ ಮರವು ಬರ್ತದೇನ್ರಿ? ಅರ್ಜಿ ಹೋದ್ರ ಹೋಗ್ಲಿ, ಮತ್ತ ಬರಸ್ತೀನಿ. ನನ್ನ ಹೊಲದ ಪಹಣಿನೂ ಇಂಥಾ ಮಷೀನಿನ್ಯಾಗೇ ಅದ ಅಂತಾರ. ಅದೂ ಹೀಂಗೇ ಹೋದ್ರ?”

ಅವರು ನಗುತ್ತ ಕೇಳಲಿಲ್ಲ. ಹೊಲ ತಮ್ಮದೆಂಬುದಕ್ಕೆ ರೈತರ ಕೈಯಲ್ಲಿರುವ ಆಧಾರವೇ ಪಹಣಿ. ಸಾಲಕ್ಕೂ ವಿಮೆಗೂ ಪರಿಹಾರಕ್ಕೂ ಅದೇ ಬೇಕು. ಅಂಥ ದಾಖಲೆಯನ್ನು ಒಂದು ಗುಡುಗಿಗೆ ಎಲ್ಲವನ್ನೂ ಮರೆತುಬಿಡುವ ಯಂತ್ರದ ವಶಕ್ಕೆ ಕೊಡಬಹುದೆ? ಅಂದು ಮಳೆ ನಿಲ್ಲುವವರೆಗೆ ನಮಗೆ ತಿಳಿದಷ್ಟನ್ನು ಅವರಿಗೆ ಹೇಳಿದೆವು. ಅದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಅಕ್ಷರವು ಅಂಕಿಯಾಗುವ ಬಗೆ

ನೆನಪು ಹೇಗೆ ಉಳಿಯುತ್ತದೆ ಎಂದು ಕೇಳುವುದಕ್ಕೆ ಮುಂಚೆ, ಯಂತ್ರವು ನೆನಪಿಡಬೇಕಾದುದು ಏನನ್ನು ಎಂಬುದನ್ನು ತಿಳಿಯಬೇಕು. ಗಣಕಯಂತ್ರಕ್ಕೆ ಕನ್ನಡವೂ ತಿಳಿಯದು, ಇಂಗ್ಲಿಷೂ ತಿಳಿಯದು. ಅದಕ್ಕೆ ತಿಳಿದಿರುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳು. ವಿದ್ಯುತ್ತು ಉಂಟು ಅಥವಾ ಇಲ್ಲ, ಕಾಂತದ ಮುಖ ಈ ಕಡೆಗೆ ಅಥವಾ ಆ ಕಡೆಗೆ, ಹೀಗೆ ಎರಡು ಸ್ಥಿತಿಗಳುಳ್ಳ ಯಾವ ಪದಾರ್ಥದಿಂದಲಾದರೂ ಈ ಅಂಕಿಗಳನ್ನು ತೋರಿಸಬಹುದು. ಇಂಥ ಒಂದು ಅಂಕಿಗೆ ಬಿಟ್ ಎಂದು ಹೆಸರು. ಎಂಟು ಬಿಟ್‌ಗಳು ಕೂಡಿದರೆ ಒಂದು ಬೈಟ್.

ಹಾಗಾದರೆ ‘ಜನವಾಡ’ ಎಂಬ ಹೆಸರನ್ನು ಬರೆಯುವುದು ಹೇಗೆ? ಲೋಕದ ಲಿಪಿಗಳಲ್ಲಿರುವ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿರುವ ಯೂನಿಕೋಡ್ ಎಂಬ ಪಟ್ಟಿಯೊಂದಿದೆ. ಅದರಲ್ಲಿ ‘ಜ’ ಅಕ್ಷರಕ್ಕೆ 3228, ‘ನ’ ಅಕ್ಷರಕ್ಕೆ 3240, ‘ವ’ ಅಕ್ಷರಕ್ಕೆ 3253, ವಕಾರವನ್ನು ‘ವಾ’ ಮಾಡುವ ದೀರ್ಘದ ಚಿಹ್ನೆಗೆ 3262, ‘ಡ’ ಅಕ್ಷರಕ್ಕೆ 3233. ನಾವು ನಾಲ್ಕು ಅಕ್ಷರವೆಂದು ಓದುವ ಹೆಸರು ಯಂತ್ರಕ್ಕೆ ಐದು ಸಂಖ್ಯೆಗಳು. 3228 ಎಂಬುದನ್ನು ಸೊನ್ನೆ-ಒಂದುಗಳ ದ್ವಿಮಾನ ಪದ್ಧತಿಯಲ್ಲಿ ಬರೆದರೆ 110010011100 ಎಂದಾಗುತ್ತದೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಬರವಣಿಗೆಯ ಕ್ರಮದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್‌ಗಳು ವೆಚ್ಚವಾಗುತ್ತವೆ. ಅಂದರೆ ಜನವಾಡದ ಹೆಸರಿಗೆ 15 ಬೈಟ್‌ಗಳು, ಎಂದರೆ 120 ಬಿಟ್‌ಗಳು ಬೇಕು. ಈ 120 ಅಂಕಿಗಳು ಒಂದೂ ಕದಲದಂತೆ ನಿಂತರೆ ಊರಿನ ಹೆಸರು ನಿಂತಿತು, ಕದಲಿದರೆ ಕೆಟ್ಟಿತು.

ನಿಂತರಷ್ಟೇ ಸಾಲದು, ಬೇಕೆಂದಾಗ ಅವು ಸಿಕ್ಕಲೂ ಬೇಕು. ಜಿಲ್ಲೆ, ತಾಲ್ಲೂಕು, ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಂದು ಹೇಳಿದರೆ ಯಾವ ಹೊಲವನ್ನಾದರೂ ಹುಡುಕಬಹುದಷ್ಟೆ. ಯಂತ್ರದ ಸ್ಮೃತಿಯಲ್ಲಿಯೂ ಪ್ರತಿಯೊಂದು ಬೈಟಿಗೆ ಹೀಗೆ ಒಂದು ವಿಳಾಸವಿದೆ, ಆ ವಿಳಾಸವೂ ಒಂದು ಸಂಖ್ಯೆಯೇ. ಸಿಲಿಕನ್ನಿನ ಚಿಪ್ಪಿನ ಮೇಲೆ ಸ್ಮೃತಿಯ ಮನೆಗಳು ಚದುರಂಗದ ಹಲಗೆಯಂತೆ ಅಡ್ಡಸಾಲು, ಉದ್ದಸಾಲುಗಳಲ್ಲಿ ಇವೆ. ವಿಳಾಸದ ಒಂದು ಭಾಗ ಅಡ್ಡಸಾಲನ್ನೂ ಇನ್ನೊಂದು ಭಾಗ ಉದ್ದಸಾಲನ್ನೂ ಆರಿಸುತ್ತದೆ. ಎರಡೂ ಕೂಡುವಲ್ಲಿ ಬೇಕಾದ ಮನೆ. ಒಂದೊಂದು ಬಿಟ್ ಹೆಚ್ಚಿದಂತೆ ವಿಳಾಸಗಳ ಸಂಖ್ಯೆ ಇಮ್ಮಡಿಯಾಗುವುದರಿಂದ, 33 ಬಿಟ್‌ಗಳ ವಿಳಾಸದಿಂದ 850 ಕೋಟಿಗೂ ಹೆಚ್ಚು ಬೈಟ್‌ಗಳನ್ನು ಬೇರೆ ಬೇರೆಯಾಗಿ ಕರೆಯಬಹುದು. ಅಂಗಡಿಯಲ್ಲಿ ‘ಎಂಟು ಜಿಬಿ ರ್ಯಾಮ್’ ಎಂದು ಮಾರುವ ಸ್ಮೃತಿ ಇಷ್ಟು ದೊಡ್ಡದು.

ಸೋರುವ ಕೊಡಗಳು

ಈಗ ಅರ್ಜಿ ಏಕೆ ಅಳಿಸಿಹೋಯಿತು ಎಂಬುದನ್ನು ನೋಡೋಣ. ಹುಡುಗನು ಕೀಲಿಗಳನ್ನು ಒತ್ತಿದಂತೆಲ್ಲ ಅಕ್ಷರಗಳು ಮೊದಲು ಹೋಗಿ ಕೂಡುವುದು ಈ ರ್ಯಾಮ್ ಎಂಬ ಕೆಲಸದ ಸ್ಮೃತಿಯಲ್ಲಿ. ಇದರ ಒಂದೊಂದು ಮನೆಯಲ್ಲಿಯೂ ಇರುವುದು ಎರಡೇ ವಸ್ತುಗಳು: ವಿದ್ಯುದಂಶವನ್ನು ಹಿಡಿದಿಡುವ ಒಂದು ಅತಿ ಸೂಕ್ಷ್ಮವಾದ ಕೆಪಾಸಿಟರು, ಮತ್ತು ಅದರ ಬಾಗಿಲಿನಂತೆ ತೆರೆದು ಮುಚ್ಚುವ ಒಂದು ಟ್ರಾನ್ಸಿಸ್ಟರು. ಕೆಪಾಸಿಟರಿನಲ್ಲಿ ವಿದ್ಯುದಂಶ ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. ಇಷ್ಟು ಸರಳವಾದ ರಚನೆ ಸಾಕೆಂದು 1966ರಲ್ಲಿ ಹೊಳೆದದ್ದು ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಎಂಬ ಇಂಜಿನಿಯರಿಗೆ. 1970ರಲ್ಲಿ ಇಂಟೆಲ್ ಸಂಸ್ಥೆಯು ಕೆಪಾಸಿಟರಿನಲ್ಲಿ ವಿದ್ಯುದಂಶವನ್ನು ಹಿಡಿದಿಡುವ ಇದೇ ತತ್ತ್ವದ ಮೇಲೆ 1024 ಬಿಟ್‌ಗಳ ಚಿಪ್ಪನ್ನು ಮಾರುಕಟ್ಟೆಗೆ ತಂದಿತು. ಇಂದು ಎಂಟು ಜಿಬಿ ರ್ಯಾಮಿನಲ್ಲಿ ಇಂಥ ಮನೆಗಳು ಸುಮಾರು 6,900 ಕೋಟಿ ಇವೆ.

ಒಂದು ಮನೆಯಲ್ಲಿ ಹಿಡಿಯುವ ವಿದ್ಯುದಂಶವಾದರೂ ಎಷ್ಟು? ಕಾಲೇಜಿನ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಕೆಪಾಸಿಟರಿನ ಧಾರಕತ್ವವನ್ನು ಒಂದು ಫ್ಯಾರಡಿನ ನೂರು ಲಕ್ಷ ಕೋಟಿಯಲ್ಲಿ ಒಂದು ಭಾಗವೆಂದೂ, ಅದರ ಮೇಲಣ ವೋಲ್ಟೇಜನ್ನು ಒಂದು ವೋಲ್ಟೆಂದೂ ಇಟ್ಟುಕೊಂಡು, ಬಂದ ವಿದ್ಯುದಂಶವನ್ನು ಒಂದು ಎಲೆಕ್ಟ್ರಾನಿನ ವಿದ್ಯುದಂಶದಿಂದ ಭಾಗಿಸಿದರೆ ಸುಮಾರು ಅರವತ್ತು ಸಾವಿರ ಎಲೆಕ್ಟ್ರಾನುಗಳು ಎಂದು ಉತ್ತರ ಬರುತ್ತದೆ. ದೀಪದ ತಂತಿಯಲ್ಲಿ ಒಂದು ಕ್ಷಣದಲ್ಲಿ ಹರಿದುಹೋಗುವ ಎಲೆಕ್ಟ್ರಾನುಗಳ ಮುಂದೆ ಇದು ಲೆಕ್ಕಕ್ಕೇ ಇಲ್ಲದ ಸಂಖ್ಯೆ.

ಇಷ್ಟು ಅಲ್ಪವಾದ ನಿಧಿ ಬಹುಕಾಲ ನಿಲ್ಲಲಾರದು. ಮುಚ್ಚಿದ ಟ್ರಾನ್ಸಿಸ್ಟರಿನ ಸಂದಿನಿಂದಲೂ ಎಲೆಕ್ಟ್ರಾನುಗಳು ಸೋರುತ್ತಲೇ ಇರುತ್ತವೆ. ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. ಅಂಗಳದಲ್ಲಿ ನೂರಾರು ಮಣ್ಣಿನ ಕೊಡಗಳನ್ನು ಸಾಲಾಗಿ ಇಟ್ಟಿದೆ. ಕೆಲವನ್ನು ತುಂಬಿದೆ, ಕೆಲವು ಬರಿದಾಗಿವೆ. ಎಲ್ಲ ಕೊಡಗಳೂ ತಳದಲ್ಲಿ ಸಣ್ಣಗೆ ಸೋರುತ್ತವೆ ಎಂದು ಭಾವಿಸೋಣ. ಯಾರೂ ನೋಡದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಬರಿದಾಗಿ, ಯಾವುದು ತುಂಬಿತ್ತು, ಯಾವುದು ತುಂಬಿರಲಿಲ್ಲ ಎಂಬ ಗುರುತೇ ಉಳಿಯುವುದಿಲ್ಲ. ಆದುದರಿಂದ ಒಬ್ಬ ಕಾವಲುಗಾರನನ್ನು ಇಡುತ್ತೇವೆ. ಅವನು ಸಾಲುಸಾಲಾಗಿ ಬಂದು ಕೊಡಗಳನ್ನು ನೋಡುತ್ತಾನೆ. ಅರ್ಧಕ್ಕಿಂತ ಹೆಚ್ಚು ನೀರಿದ್ದುದನ್ನು ಕಂಠಮಟ್ಟ ತುಂಬುತ್ತಾನೆ, ಕಡಿಮೆ ಇದ್ದುದನ್ನು ಬರಿದು ಮಾಡುತ್ತಾನೆ. ಕೊನೆಯ ಸಾಲು ಮುಗಿದೊಡನೆ ಮತ್ತೆ ಮೊದಲ ಸಾಲಿಗೆ ಬರುತ್ತಾನೆ. ನೀರು ಸೋರಿ ಅರ್ಧಕ್ಕೆ ಇಳಿಯುವ ಮುನ್ನ ಅವನು ಮರಳಿ ಬರುತ್ತಿದ್ದರೆ, ಸೋರುವ ಕೊಡಗಳಿಂದಲೇ ಲೆಕ್ಕವನ್ನು ಎಷ್ಟು ದಿನ ಬೇಕಾದರೂ ಉಳಿಸಿಕೊಳ್ಳಬಹುದು.

ರ್ಯಾಮಿನಲ್ಲಿ ನಡೆಯುವುದು ಇದೇ. ಪ್ರತಿಯೊಂದು ಮನೆಯನ್ನೂ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೆ ಒಮ್ಮೆಯಾದರೂ, ಎಂದರೆ ಸೆಕೆಂಡಿಗೆ ಸುಮಾರು ಹದಿನಾರು ಬಾರಿ, ಓದಿ ಮತ್ತೆ ತುಂಬಲಾಗುತ್ತದೆ. ನಾವು ಪರದೆಯನ್ನು ನೋಡುತ್ತ ಸುಮ್ಮನೆ ಕುಳಿತಾಗಲೂ ಈ ಕೆಲಸ ನಿಲ್ಲುವುದಿಲ್ಲ. ಜನವಾಡದಲ್ಲಿ ಕರೆಂಟು ಹೋದಾಗ ಆದುದಿಷ್ಟೆ: ಕಾವಲುಗಾರನು ನಿಂತನು, ಕೊಡಗಳು ಸೋರಿಹೋದವು. ಅರ್ಜಿಯನ್ನು ಯಾರೂ ಅಳಿಸಲಿಲ್ಲ, ಉಳಿಸಿಕೊಳ್ಳುವ ಕೆಲಸ ನಿಂತದ್ದರಿಂದ ಅದು ಹೋಯಿತು.

ಇದ್ದೂ ಇದ್ದೂ ಸೋರುವ ಪಾತ್ರೆಯನ್ನೇ ಏಕೆ ಬಳಸಬೇಕು ಎಂದು ವಾಚಕರು ಕೇಳಬಹುದು. ಉತ್ತರ ವೇಗದಲ್ಲಿದೆ. ಗಣಕಯಂತ್ರದ ಗಣಿಸುವ ಭಾಗವು ಸೆಕೆಂಡಿಗೆ ನೂರಾರು ಕೋಟಿ ಹೆಜ್ಜೆಗಳನ್ನು ಇಡುತ್ತದೆ; ಹೆಜ್ಜೆಹೆಜ್ಜೆಗೂ ಅದಕ್ಕೆ ಸ್ಮೃತಿಯಿಂದ ಏನಾದರೊಂದು ಬೇಕು. ರ್ಯಾಮಿನಿಂದ ಒಂದು ಬೈಟನ್ನು ತರಲು ತಗಲುವ ಕಾಲವನ್ನು ಒಂದು ನಿಮಿಷವೆಂದು ಹಿಗ್ಗಿಸಿ ಭಾವಿಸಿದರೆ, ಅದೇ ಪ್ರಮಾಣದಲ್ಲಿ, ಪೆನ್‌ಡ್ರೈವ್ ಮೊದಲಾದವುಗಳಲ್ಲಿರುವ ಫ್ಲ್ಯಾಷ್ ಸ್ಮೃತಿಯಿಂದ ತರಲು ಮುಕ್ಕಾಲು ದಿನವೂ, ತಿರುಗುವ ಕಾಂತದ ಡಿಸ್ಕಿನಿಂದ ತರಲು ಎರಡು ತಿಂಗಳಿಗೂ ಹೆಚ್ಚು ಕಾಲವೂ ಬೇಕಾದೀತು. ಉಪಾಧ್ಯಾಯರು ಲೆಕ್ಕವನ್ನು ಮಾಡುವುದು ಕರಿಹಲಗೆಯ ಮೇಲೆ, ಉತ್ತರವನ್ನು ಬರೆದಿಡುವುದು ಪುಸ್ತಕದಲ್ಲಿ. ಹಲಗೆಯನ್ನು ಒರಸಿದರೆ ಬರಹ ಹೋಗುತ್ತದೆಂದು ಯಾರೂ ಹಲಗೆಯನ್ನು ಬಿಟ್ಟಿಲ್ಲ. ರ್ಯಾಮ್ ಎಂಬುದು ಯಂತ್ರದ ಕರಿಹಲಗೆ.

ವಿದ್ಯುತ್ತಿಲ್ಲದೆ ಉಳಿಯುವ ನೆನಪು

ಹಾಗಾದರೆ ಯಂತ್ರದ ಪುಸ್ತಕ ಯಾವುದು? ಇದಕ್ಕೆ ಮೊದಲು ನೆರವಾದುದು ಕಾಂತಶಕ್ತಿ. ಕಬ್ಬಿಣದ ಸೂಜಿಯನ್ನು ಅಯಸ್ಕಾಂತಕ್ಕೆ ಒಮ್ಮೆ ತಿಕ್ಕಿದರೆ ಸೂಜಿಯಲ್ಲಿ ಬಂದ ಕಾಂತಗುಣ ಬಹುಕಾಲ ಉಳಿಯುವುದನ್ನು ನಾವು ಶಾಲೆಯಲ್ಲಿಯೇ ನೋಡಿದ್ದೇವೆ. ಅದನ್ನು ಕಾಯಲು ವಿದ್ಯುತ್ತು ಬೇಡ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮ ದೇಶದವರೇ ರಚಿಸಿ 1960ರಲ್ಲಿ ಕೆಲಸಕ್ಕೆ ತೊಡಗಿಸಿದ ಟಿಫ್ರಾಕ್ ಎಂಬ ಗಣಕಯಂತ್ರದಲ್ಲಿ ಈ ಗುಣವನ್ನೇ ಬಳಸಿದ್ದರು. ಅದರ ಸ್ಮೃತಿಯು ಫೆರೈಟ್ ಎಂಬ ಕಾಂತವಸ್ತುವಿನ ಪುಟ್ಟ ಪುಟ್ಟ ಬಳೆಗಳನ್ನು ತಂತಿಯ ಜಾಲದಲ್ಲಿ ಪೋಣಿಸಿ ಮಾಡಿದುದು. ಬಳೆಯೊಳಗಿನ ಕಾಂತವು ಒಂದು ಕಡೆಗೆ ಸುತ್ತಿದ್ದರೆ ಸೊನ್ನೆ, ಇನ್ನೊಂದು ಕಡೆಗೆ ಸುತ್ತಿದ್ದರೆ ಒಂದು. ಹೀಗೆ ತಲಾ 40 ಬಿಟ್‌ಗಳ 2048 ಪದಗಳು ಅದರಲ್ಲಿ ಹಿಡಿಯುತ್ತಿದ್ದವು. ಒಟ್ಟು 81,920 ಬಿಟ್‌ಗಳು. ವಾಚಕರು ಈಗ ಓದುತ್ತಿರುವ ಲೇಖನದ ಕಾಲು ಭಾಗವೂ ಅದರಲ್ಲಿ ಹಿಡಿಯುತ್ತಿರಲಿಲ್ಲ.

ಡಿಸ್ಕಿನದೂ ಇದೇ ತತ್ತ್ವ. ನುಣುಪಾದ ತಟ್ಟೆಯ ಮೇಲೆ ಕಾಂತವಸ್ತುವಿನ ತೆಳುವಾದ ಲೇಪವನ್ನು ಕೊಟ್ಟು, ತಟ್ಟೆಯನ್ನು ವೇಗವಾಗಿ ತಿರುಗಿಸುತ್ತ, ಅದರ ಮೇಲೆ ತೇಲುವ ಮುಳ್ಳಿನಂಥ ಸಾಧನದಿಂದ ಚುಕ್ಕೆಚುಕ್ಕೆಯ ಕಾಂತದಿಕ್ಕನ್ನೂ ಬದಲಾಯಿಸಿ ಬರೆಯುತ್ತಾರೆ. ಐಬಿಎಂ ಸಂಸ್ಥೆಯು 1956ರಲ್ಲಿ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ಎಲ್ಲವೂ ಕೂಡಿ ಸುಮಾರು 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದವು.

ಇಂದಿನ ಮೊಬೈಲು, ಪೆನ್‌ಡ್ರೈವ್‌ಗಳಲ್ಲಿರುವುದು ಫ್ಲ್ಯಾಷ್ ಸ್ಮೃತಿ. ಇದರಲ್ಲಿಯೂ ಎಲೆಕ್ಟ್ರಾನುಗಳನ್ನೇ ಕೂಡಿಡುತ್ತಾರೆ. ಆದರೆ ಬಾಗಿಲಿಲ್ಲದ ಕೋಣೆಯಲ್ಲಿ. 1967ರಲ್ಲಿ ಬೆಲ್ ಪ್ರಯೋಗಾಲಯದ ದವೋನ್ ಕಾಂಗ್ ಮತ್ತು ಸೈಮನ್ ಝೀ ಎಂಬವರು, ಸುತ್ತಲೂ ವಿದ್ಯುತ್ತನ್ನು ಹರಿಯಗೊಡದ ಗೋಡೆಯುಳ್ಳ ಇಂಥ ಸಣ್ಣ ಕೋಣೆಯನ್ನು ಟ್ರಾನ್ಸಿಸ್ಟರಿನೊಳಗೆ ಅಡಗಿಸಬಹುದೆಂದು ತೋರಿಸಿದರು. ಹೆಚ್ಚಿನ ವೋಲ್ಟೇಜನ್ನು ಒಡ್ಡಿದಾಗ ಎಲೆಕ್ಟ್ರಾನುಗಳು ಗೋಡೆಯನ್ನು ತೂರಿ ಒಳಹೊಗುತ್ತವೆ. ವೋಲ್ಟೇಜು ಹೋದ ಮೇಲೆ ಹೊರಬರಲಾರದೆ ವರ್ಷಗಟ್ಟಲೆ ಅಲ್ಲಿಯೇ ಇರುತ್ತವೆ. 1980ರ ದಶಕದಲ್ಲಿ ಜಪಾನಿನ ಫುಜಿಯೊ ಮಸುಓಕ ಎಂಬ ಇಂಜಿನಿಯರು ಈ ತತ್ತ್ವದಿಂದ ಅಗ್ಗದ ಫ್ಲ್ಯಾಷ್ ಸ್ಮೃತಿಯನ್ನು ರಚಿಸಿದರು. ಆದರೆ ಎಲೆಕ್ಟ್ರಾನುಗಳು ತೂರಿ ತೂರಿ ಗೋಡೆಯೂ ಸವೆಯುತ್ತದೆ. ಆದುದರಿಂದ ಇಂಥ ಸ್ಮೃತಿಯಲ್ಲಿ ಬರೆದು ಅಳಿಸುವುದಕ್ಕೆ ಒಂದು ಮಿತಿಯುಂಟು.

ಕಿರ್ದಿ ಮತ್ತು ಖಾತೆ

ಈಗ ವೃದ್ಧರ ಪ್ರಶ್ನೆಗೆ ಬರೋಣ. ಹೈದರಾಬಾದು ಸಂಸ್ಥಾನದ ಕಾಲದಲ್ಲಿ ಬೀದರಿನ ಹೊಲಗಳ ಲೆಕ್ಕವು ಪಟವಾರಿಯ ದಫ್ತರದಲ್ಲಿತ್ತು. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆಯೂ ಬಹುಕಾಲ ಅದು ಕೈಬರಹದ ಲೆಕ್ಕವಾಗಿಯೇ ಉಳಿಯಿತು. ಹಾಳೆ ಹರಿದರೆ, ಗೆದ್ದಲು ತಿಂದರೆ, ಅಥವಾ ಯಾರಾದರೂ ಒಂದು ಅಂಕಿಯನ್ನು ತಿದ್ದಿದರೆ ರೈತರಿಗೆ ಅದು ತಿಳಿಯುವುದು ಕಷ್ಟವಾಗಿತ್ತು. 2000ದ ಸುಮಾರಿಗೆ ಕರ್ನಾಟಕ ಸರ್ಕಾರವು ‘ಭೂಮಿ’ ಎಂಬ ಯೋಜನೆಯಿಂದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಸೇರಿಸಿತು. ಅವು ಸುಮಾರು 67 ಲಕ್ಷ ರೈತರ ಹೊಲಗಳವು. ಆರಂಭದಲ್ಲಿ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ದಾಖಲೆಯನ್ನು ಮುಟ್ಟುವ ನೌಕರರನ್ನು ಬೆರಳಿನ ಗುರುತಿನಿಂದ ಪತ್ತೆಹಚ್ಚುವ ಏರ್ಪಾಡೂ ಆಯಿತು.

ಈ ಪಹಣಿಗಳು ಇರುವುದು ಡಿಸ್ಕುಗಳಲ್ಲಿ, ರ್ಯಾಮಿನಲ್ಲಲ್ಲ. ಆದುದರಿಂದ ಕರೆಂಟು ಹೋದ ಮಾತ್ರಕ್ಕೆ ಅವು ಹೋಗುವುದಿಲ್ಲ. ಆದರೆ ಜಾಣ ವಿದ್ಯಾರ್ಥಿ ಇನ್ನೊಂದು ಪ್ರಶ್ನೆಯನ್ನು ಹಾಕಿಯಾನು: ಹೊಲವು ತಂದೆಯ ಹೆಸರಿನಿಂದ ಮಗಳ ಹೆಸರಿಗೆ ಬದಲಾಗುತ್ತಿರುವ ಆ ಕ್ಷಣದಲ್ಲಿಯೇ ಕರೆಂಟು ಹೋದರೆ? ತಂದೆಯ ಹೆಸರನ್ನು ತೆಗೆದಾಗಿದೆ, ಮಗಳ ಹೆಸರನ್ನು ಇನ್ನೂ ಬರೆದಿಲ್ಲ ಎಂಬ ಸ್ಥಿತಿಯಲ್ಲಿ ಯಂತ್ರವು ನಿಂತರೆ ಹೊಲ ಯಾರದು?

ಇದಕ್ಕೆ ಗಣಕ ಇಂಜಿನಿಯರುಗಳು ಕಂಡುಕೊಂಡ ಉಪಾಯವನ್ನು ನಮ್ಮ ಅಡತಿ ಅಂಗಡಿಗಳ ಗುಮಾಸ್ತರು ಬಹುಕಾಲದಿಂದ ಬಲ್ಲರು. ಅವರು ವ್ಯವಹಾರವನ್ನು ನೇರವಾಗಿ ಖಾತೆಗೆ ಏರಿಸುವುದಿಲ್ಲ. ಮೊದಲು ಅಂದಂದಿನ ಕಿರ್ದಿಯಲ್ಲಿ ಬರೆದು, ಆಮೇಲೆ ಅದನ್ನು ನೋಡಿ ಖಾತೆಗೆ ಇಳಿಸುತ್ತಾರೆ. ದೊಡ್ಡ ದಾಖಲೆಗಳನ್ನು ಕಾಯುವ ಗಣಕ ವ್ಯವಸ್ಥೆಗಳಲ್ಲಿಯೂ ಹೀಗೆಯೇ. ‘ಇಂಥ ಸರ್ವೆ ನಂಬರಿನಲ್ಲಿ ಇಂಥ ಹೆಸರನ್ನು ತೆಗೆದು ಇಂಥ ಹೆಸರನ್ನು ಬರೆಯಬೇಕು’ ಎಂದು ಮೊದಲು ಡಿಸ್ಕಿನ ಮೇಲೆಯೇ ಇರುವ ಕಿರ್ದಿಯಲ್ಲಿ ಬರೆದಾಗುತ್ತದೆ. ಆ ಬರಹವು ಪೂರ್ತಿಯಾದ ಮೇಲೆಯೇ ಮೂಲ ದಾಖಲೆಯನ್ನು ಬದಲಾಯಿಸುತ್ತಾರೆ. ನಡುವೆ ಕರೆಂಟು ಹೋಗಿ ಮರಳಿ ಬಂದರೆ ಯಂತ್ರವು ಮೊದಲು ನೋಡುವುದು ಈ ಕಿರ್ದಿಯನ್ನು. ಬರಹ ಪೂರ್ತಿಯಾಗಿದ್ದರೆ ಉಳಿದ ಕೆಲಸವನ್ನು ಮುಗಿಸುತ್ತದೆ. ಅರ್ಧಕ್ಕೆ ನಿಂತಿದ್ದರೆ ಅದನ್ನು ಬಿಟ್ಟು ಹಳೆಯ ದಾಖಲೆಯನ್ನೇ ಉಳಿಸುತ್ತದೆ. ಹೊಲವು ತಂದೆಯದಾಗಿರುತ್ತದೆ, ಇಲ್ಲವೆ ಮಗಳದಾಗಿರುತ್ತದೆ. ಯಾರದೂ ಅಲ್ಲದೆ ಇರುವುದಿಲ್ಲ.

ಒಂದು ಬಿಟ್ ಕದಲಿದರೆ

ಕರೆಂಟಿನ ಭಯ ಹೋಯಿತು. ಆದರೆ ಕರೆಂಟು ಇದ್ದಾಗಲೂ ಬರುವ ಅಪಾಯವೊಂದಿದೆ. ‘ನ’ ಅಕ್ಷರದ 110010101000 ಎಂಬ ಅಂಕಿಗಳಲ್ಲಿ ಕೊನೆಯಿಂದ ಎರಡನೆಯ ಸೊನ್ನೆ ಒಂದಾದರೆ ಅದು ‘ಪ’ ಆಗುತ್ತದೆ, ‘ಜನವಾಡ’ವು ‘ಜಪವಾಡ’ವಾಗುತ್ತದೆ. ಇದು ನಗುವ ಮಾತಾಯಿತು. ಆದರೆ ‘4’ ಎಂಬ ಅಂಕಿಯ ಸಂಕೇತದಲ್ಲಿ ಒಂದೇ ಒಂದು ಬಿಟ್ ಬದಲಾದರೆ ಅದು ‘0’ ಆಗುತ್ತದೆ. ‘1’ ಎಂಬುದು ‘9’ ಆಗಬಹುದು. ನಾಲ್ಕು ಎಕರೆಯ ಹೊಲ ಸೊನ್ನೆ ಎಕರೆಯಾದರೆ ನಗುವವರು ಯಾರು?

ಬಿಟ್‌ಗಳು ತಾವಾಗಿ ಬದಲಾಗುವುದುಂಟೆ? ಉಂಟು. 1978ರಲ್ಲಿ ಇಂಟೆಲ್ ಸಂಸ್ಥೆಯ ವಿಜ್ಞಾನಿಗಳು ಸ್ಮೃತಿಯ ಚಿಪ್ಪುಗಳಲ್ಲಿ ಕಾಣುತ್ತಿದ್ದ ಇಂಥ ತಪ್ಪುಗಳಿಗೆ ಕಾರಣವನ್ನು ಪತ್ತೆಮಾಡಿದರು. ಚಿಪ್ಪಿನ ಹೊರಕವಚದಲ್ಲಿ ಅತ್ಯಲ್ಪವಾಗಿ ಬೆರೆತಿದ್ದ ಯುರೇನಿಯಂ, ಥೋರಿಯಂ ಧಾತುಗಳಿಂದ ಹೊರಟ ಆಲ್ಫಾ ಕಣಗಳು ಕೊಡಗಳನ್ನು ಉರುಳಿಸುತ್ತಿದ್ದವು. ಆಕಾಶದಿಂದ ಬರುವ ವಿಶ್ವಕಿರಣಗಳೂ ಇದೇ ಕೆಲಸವನ್ನು ಮಾಡಬಲ್ಲವು. ಅವು ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಕಣಗಳ ಮಳೆ ಹಗಲೂ ರಾತ್ರಿಯೂ ನಮ್ಮೆಲ್ಲರ ಮೇಲೆ ಸುರಿಯುತ್ತಲೇ ಇದೆ. ಈ ಮಳೆಯಿಂದ ತಪ್ಪಿಸಿಕೊಂಡು ಅಪರೂಪದ ಕಣಗಳನ್ನು ಹುಡುಕುವ ಸಲುವಾಗಿಯೇ ಭೌತವಿಜ್ಞಾನಿಗಳು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು ಕಂಡರು. ಗಣಕಯಂತ್ರಗಳನ್ನೆಲ್ಲ ಹಾಗೆ ಗಣಿಯಲ್ಲಿ ಇಡಲಾಗುವುದಿಲ್ಲವಷ್ಟೆ.

ಬೆಲ್ಜಿಯಂ ದೇಶದ ಸ್ಕಾರ್‌ಬೇಕ್ ಎಂಬಲ್ಲಿ 2003ರ ಮೇ 18ರಂದು ಗಣಕಯಂತ್ರಗಳ ಮೂಲಕ ಚುನಾವಣೆ ನಡೆದಾಗ, ಒಬ್ಬ ಅಭ್ಯರ್ಥಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತಗಳು ಬಂದವು. ಮತ್ತೆ ಎಣಿಸಿದಾಗ ಹೆಚ್ಚಾಗಿದ್ದುದು ಸರಿಯಾಗಿ 4096 ಮತಗಳು. ಎರಡನ್ನು ಹನ್ನೆರಡು ಬಾರಿ ಗುಣಿಸಿದರೆ ಬರುವ ಸಂಖ್ಯೆಯೇ 4096; ಅಂದರೆ ಎಣಿಕೆಯಲ್ಲಿ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಾಗಿತ್ತು. ಬಿಟ್ ತಾನಾಗಿಯೇ ಹೊರಳಿದುದು ಕಾರಣವೆಂದು ತಜ್ಞರು ಅಭಿಪ್ರಾಯಪಟ್ಟರು. ವಿಶ್ವಕಿರಣದ ಕಣವೊಂದು ತಗಲಿರಬಹುದೆಂಬುದು ಊಹೆ, ಅದು ಸಿದ್ಧವಾಗಿಲ್ಲ.

ಇಂಥ ತಪ್ಪನ್ನು ಹಿಡಿಯುವ ಉಪಾಯ ಸುಲಭವಾಗಿದೆ. ‘ಜ’ ಅಕ್ಷರದ ಅಂಕಿಗಳಲ್ಲಿ ಆರು ಒಂದುಗಳಿವೆ, ಇದು ಸಮಸಂಖ್ಯೆ. ‘ನ’ ಅಕ್ಷರದಲ್ಲಿ ಐದು ಒಂದುಗಳಿವೆ, ಇದು ವಿಷಮ. ಪ್ರತಿಯೊಂದರ ಪಕ್ಕದಲ್ಲಿ ಒಂದು ಹೆಚ್ಚಿನ ಬಿಟ್ ಇಟ್ಟು, ಒಂದುಗಳ ಮೊತ್ತ ಯಾವಾಗಲೂ ಸಮವಾಗುವಂತೆ ಮಾಡೋಣ: ‘ಜ’ದ ಪಕ್ಕದಲ್ಲಿ 0, ‘ನ’ದ ಪಕ್ಕದಲ್ಲಿ 1. ಓದುವಾಗ ಮೊತ್ತ ವಿಷಮವಾಗಿ ಕಂಡುಬಂದರೆ, ಯಾವುದೋ ಒಂದು ಬಿಟ್ ಕದಲಿದೆ ಎಂದು ಯಂತ್ರಕ್ಕೆ ಗೊತ್ತಾಗುತ್ತದೆ. ಆದರೆ ಯಾವುದೆಂದು ಗೊತ್ತಾಗುವುದಿಲ್ಲ. ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞನು, ಹೆಚ್ಚಿನ ಬಿಟ್‌ಗಳನ್ನು ಬೇರೆ ಬೇರೆ ಗುಂಪುಗಳ ಮೇಲೆ ಕಾವಲಿಟ್ಟರೆ ತಪ್ಪಿದ ಬಿಟ್ಟಿನ ಸ್ಥಳವೂ ತಾನಾಗಿ ತಿಳಿಯುತ್ತದೆ, ತಿಳಿದರೆ ಅದನ್ನು ತಿದ್ದಬಹುದು ಎಂದು 1950ರಲ್ಲಿ ತೋರಿಸಿದನು. ಬ್ಯಾಂಕು ಮೊದಲಾದ ಕಡೆಗಳಲ್ಲಿ ನಂಬಿಕೆಯ ಕೆಲಸಕ್ಕೆ ಬಳಸುವ ದೊಡ್ಡ ಗಣಕಯಂತ್ರಗಳಲ್ಲಿ 64 ಬಿಟ್‌ಗಳಿಗೆ 8 ಕಾವಲು ಬಿಟ್‌ಗಳನ್ನು ಇಡುವ ಪದ್ಧತಿಯುಂಟು. ಒಂದು ಬಿಟ್ ತಪ್ಪಿದರೆ ಯಂತ್ರವೇ ತಿದ್ದುತ್ತದೆ. ಎರಡು ತಪ್ಪಿದರೆ ತಪ್ಪಾಗಿದೆ ಎಂದು ಕೂಗಿ ಹೇಳುತ್ತದೆ.

ಎರಡನೆಯ ಪ್ರತಿ

ಡಿಸ್ಕೇ ಮುರಿದರೆ, ಕಟ್ಟಡಕ್ಕೇ ಬೆಂಕಿ ಬಿದ್ದರೆ ಕಾವಲು ಬಿಟ್‌ಗಳು ಏನು ಮಾಡಿಯಾವು? ಈ ಪ್ರಶ್ನೆಗೆ ಉತ್ತರವನ್ನು ಬೀದರಿನ ಪೇಟೆಯಲ್ಲಿಯೇ ನೋಡಬಹುದು. ಬಹಮನಿ ಸುಲ್ತಾನರ ಮಂತ್ರಿಯಾಗಿದ್ದ ಮಹಮೂದ್ ಗವಾನನು 1472ರಲ್ಲಿ ಅಲ್ಲಿ ಒಂದು ದೊಡ್ಡ ವಿದ್ಯಾಲಯವನ್ನು ಕಟ್ಟಿಸಿದನು. ಅದರ ಗ್ರಂಥಾಲಯದಲ್ಲಿ 3,000 ಹಸ್ತಪ್ರತಿಗಳಿದ್ದವೆಂದು ಪ್ರಸಿದ್ಧಿ. 17ನೆಯ ಶತಮಾನದ ಕೊನೆಯಲ್ಲಿ ಅಲ್ಲಿ ನಡೆದ ಮದ್ದಿನ ಸ್ಫೋಟದಿಂದ ಮುಂಭಾಗದ ಎರಡು ಮಿನಾರುಗಳಲ್ಲಿ ಒಂದು ಉರುಳಿತು. ಕಟ್ಟಡದ ಒಂದು ಪಾರ್ಶ್ವ ಕುಸಿಯಿತು. ಉಳಿದ ಮಿನಾರನ್ನೂ ಅದರ ಬಣ್ಣದ ಹೆಂಚುಗಳನ್ನೂ ನಾವು ಇಂದಿಗೂ ನೋಡಬಹುದು. ಪುಸ್ತಕಗಳಿದ್ದ ಕಡೆ ಬರಿಯ ಗೋಡೆಗಳಿವೆ. ಕಳೆದುಹೋದ ಪುಸ್ತಕಗಳಲ್ಲಿ ಬೇರೊಂದೂರಿನಲ್ಲಿ ಪ್ರತಿಯಿದ್ದುದು ಇನ್ನೂ ಬದುಕಿದೆ, ಪ್ರತಿಯಿಲ್ಲದುದು ಹೋಯಿತು. ಗೋಡೆ ಎಷ್ಟು ದಪ್ಪವಾಗಿತ್ತೆಂಬುದು ಅಲ್ಲಿ ಪ್ರಯೋಜನಕ್ಕೆ ಬರಲಿಲ್ಲ.

ಅದರಿಂದಲೇ ಮುಖ್ಯವಾದ ದಾಖಲೆಗಳನ್ನು ಒಂದಕ್ಕಿಂತ ಹೆಚ್ಚು ಡಿಸ್ಕುಗಳಲ್ಲಿ, ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ಇಡಬೇಕೆಂಬುದು ಗಣಕ ಇಂಜಿನಿಯರುಗಳ ಮೊದಲ ನಿಯಮವಾಗಿದೆ. ಮೊದಲು ತಾಲ್ಲೂಕು ತಾಲ್ಲೂಕುಗಳ ಯಂತ್ರಗಳಲ್ಲಿದ್ದ ಪಹಣಿಗಳು ಆಮೇಲೆ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೂ ಸೇರಿದವು. ಆ ಕೇಂದ್ರದ ಕೆಲಸವೂ ಕೊಡ ಕಾಯುವವನ ಕೆಲಸವೇ, ಪ್ರಮಾಣ ಮಾತ್ರ ದೊಡ್ಡದು: ಡಿಸ್ಕುಗಳು ಸವೆದಂತೆ ಬದಲಾಯಿಸುವುದು, ಪ್ರತಿಗಳನ್ನು ಒಂದಕ್ಕೊಂದು ತಾಳೆ ನೋಡುವುದು, ಕೆಟ್ಟುದನ್ನು ಒಳ್ಳೆಯದರಿಂದ ತುಂಬುವುದು. ರ್ಯಾಮಿನಲ್ಲಿ ಈ ಸುತ್ತು 64 ಮಿಲಿಸೆಕೆಂಡಿಗೆ ಒಮ್ಮೆ. ಡಿಸ್ಕುಗಳ ವಿಷಯದಲ್ಲಿ ಕೆಲವು ವರ್ಷಗಳಿಗೆ ಒಮ್ಮೆ. ಸುತ್ತು ನಿಂತರೆ ಎರಡೂ ಕಡೆ ಆಗುವುದು ಒಂದೇ. ನೆನಪನ್ನು ಒಮ್ಮೆ ಇಟ್ಟು ಮರೆತುಬಿಡಬಹುದಾದ ವಸ್ತುವೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಅದು ನಿಲ್ಲದೆ ನಡೆಯಬೇಕಾದ ಕೆಲಸ. ಆ ಕೆಲಸದಲ್ಲಿ ಯಂತ್ರದ ಪಾಲೆಷ್ಟೋ ಮನುಷ್ಯರ ಪಾಲೂ ಅಷ್ಟಿದೆ. ಪಹಣಿಯನ್ನು ವರ್ಷಕ್ಕೊಮ್ಮೆಯಾದರೂ ತೆಗೆಸಿ, ಹೆಸರು, ಸರ್ವೆ ನಂಬರು, ವಿಸ್ತೀರ್ಣಗಳು ಸರಿಯಿವೆಯೇ ಎಂದು ನೋಡುವ ರೈತರೂ ಕಾವಲು ಬಿಟ್‌ಗಳ ಕೆಲಸವನ್ನೇ ಮಾಡುತ್ತಾರೆ. ಏಕೆಂದರೆ ಮೊದಲಲ್ಲಿಯೇ ತಪ್ಪಾಗಿ ಬರೆದ ಹೆಸರನ್ನು ಯಾವ ಯಂತ್ರವೂ ತಾನಾಗಿ ತಿದ್ದಲಾರದು. ಅದನ್ನು ಅಷ್ಟೇ ನಿಷ್ಠೆಯಿಂದ ಕಾಯುತ್ತದೆ.

ಇಷ್ಟನ್ನೂ ಅಂದು ನಾವು ಜನವಾಡದಲ್ಲಿ ಹೇಳಿದೆವೆಂದಲ್ಲ. ಕೊಡಗಳ ಮಾತನ್ನೂ ಕಿರ್ದಿಯ ಮಾತನ್ನೂ ಹೇಳಿದೆವು. ಗವಾನನ ಪುಸ್ತಕಗಳ ಮಾತನ್ನು ಹೇಳಿದೆವು. ಅಷ್ಟರಲ್ಲಿ ಹುಡುಗನು ಅರ್ಜಿಯನ್ನು ಎರಡನೆಯ ಬಾರಿ ಬರೆದು ಮುಗಿಸಿದ್ದನು. ಈ ಸಲ ಎರಡು ಸಾಲಿಗೊಮ್ಮೆ ಅದನ್ನು ಡಿಸ್ಕಿಗೆ ಉಳಿಸುವ ಕೀಲಿಗಳನ್ನು ಒತ್ತುತ್ತಿದ್ದುದನ್ನು ಗಮನಿಸಿದೆವು. ಕಾಗದ ಅಚ್ಚಾಗಿ ಬಂದಿತು. ವೃದ್ಧರು ಅದನ್ನು ಕಣ್ಣಿನ ಹತ್ತಿರ ಹಿಡಿದು, ಹೆಸರನ್ನೂ ಸರ್ವೆ ನಂಬರನ್ನೂ ಬೆರಳಿಟ್ಟು ಓದಿದರು. ಆಮೇಲೆ ಹುಡುಗನಿಗೆ ಹೇಳಿದರು: “ಇನ್ನೊಂದು ತೆಗಿಯಪಾ. ಪಹಣಿದೂ ಒಂದು ತೆಗಿ. ಭಾಲ್ಕಿನ್ಯಾಗ ಮಗಳ ಮನಿ ಅದ, ಅಲ್ಲಿ ಇಟ್ಟು ಬರ್ತೀನಿ.”